ಲ್ಯಾಮಿನೇಷನ್ ಮಾಡಿಸಿದ ಏಳನೇ ನಿಯಮ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಊರ ಪಂಚಾಯ್ತಿಯ ಚಟ. ನನಗಿರುವುದು ನಿಯಮ ಬರೆಯುವ ಚಟ. ಮೂವತ್ತು ಚಿಲ್ಲರೆ ವರ್ಷ ಬಸ್ ನಿಲ್ದಾಣದ ಸಂಚಾರ ನಿಯಂತ್ರಕನ ಕೊಠಡಿಯಲ್ಲಿ ಕೂತು, ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಬರೆದು ಬರೆದು ಅಂಟಿಕೊಂಡ ಕಾಯಿಲೆ ಇದು. ಬಸ್ಸುಗಳು ನನ್ನ ಮಾತು ಕೇಳಿದವೆಂದು ನಾನು ಹೇಳುವುದಿಲ್ಲ. ಅವು ತಮಗೆ ಬೇಕಾದಾಗ ಬಂದು ತಮಗೆ ಬೇಕಾದಾಗ ಹೋದವು. ಆದರೂ ಬರೆದದ್ದಕ್ಕೆ ಒಂದು ಸಮಾಧಾನ ಇರುತ್ತಿತ್ತು. ನಿವೃತ್ತನಾಗಿ ಹೊನ್ನಾಳಿಯ ಮನೆಯಲ್ಲಿ ಕೂತ ಮೊದಲ ವಾರವೇ ಫ್ರಿಜ್ಜಿನ ಬಾಗಿಲಿಗೆ ಆರು ನಿಯಮ, ಬಚ್ಚಲುಮನೆಯ ಗೋಡೆಗೆ ನಾಲ್ಕು ನಿಯಮ ಅಂಟಿಸಿದೆ. ಬಚ್ಚಲಿನ ಮೊದಲ ನಿಯಮ, ‘ನೆಲವನ್ನು ಒದ್ದೆ ಬಿಡಬಾರದು’ ಎಂಬುದು. ನನ್ನ ಹೆಂಡತಿ ಸುಮಿತ್ರಾ ಅದನ್ನು ಒಂದಲ್ಲ ಎರಡು ಸಲ ಓದಿದಳು. “ಇಷ್ಟೊಂದು ಪುರುಸೊತ್ತು ಐತೆ ಅಂದ್ರೆ ಯಾರಿಗಾದ್ರೂ ಉಪಕಾರ ಆಗೋ ಕೆಲಸ ಮಾಡಾಕೆ ಹೋಗ್ರಿ. ನಮಗೂ ಒಂದೀಟು ಉಪಕಾರ ಆಗ್ತೈತೆ” ಎಂದಳು.

ಹಾಗೆ ನಾನು ಸೇವೆಗೆ ಇಳಿದೆ. ಇಳಿಸಲ್ಪಟ್ಟೆ ಎಂದರೆ ಇನ್ನೂ ಸರಿ. ನಮ್ಮದು ಸಣ್ಣ ಸಂಸ್ಥೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಹಾಸಿಗೆ ಹಿಡಿದವರ ಮನೆಗೇ ಹೋಗಿ ಮಗ್ಗುಲು ಬದಲಿಸುವುದು, ಗಾಯ ಒರೆಸುವುದು, ಕೈಕಾಲಿನ ವ್ಯಾಯಾಮ ಮಾಡಿಸುವುದು, ಅದನ್ನೇ ಮನೆಯವರಿಗೂ ಕಲಿಸುವುದು ನಮ್ಮ ಕೆಲಸ. ಬಂದವರೆಲ್ಲ ನನ್ನಂಥ ಸ್ವಯಂಸೇವಕರೇ. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಗಿತ್ತಿ ಎಂದರೆ ಸೀತಾಬಾಯಿ. ಸೂರಗೊಂಡನಕೊಪ್ಪದ ಕಡೆಯವರು, ನ್ಯಾಮತಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾರೆ. ವಾರಕ್ಕೆರಡು ದಿನ ಅಂಗಡಿಯ ಬಾಗಿಲೆಳೆದು ನಮ್ಮ ಜೊತೆ ಬರುತ್ತಾರೆ. ಎರಡು ಆಳಿನ ತೂಕದ ಮನುಷ್ಯನನ್ನು ಒಂದು ಹಳೆಯ ಸೀರೆಯ ಸಹಾಯದಿಂದ ನೋವಾಗದಂತೆ ಮಗ್ಗುಲು ತಿರುಗಿಸುವುದನ್ನು ಅವರಿಂದಲೇ ನಾನು ಕಲಿತೆ. ಇವರ ಸಾಲಿನಲ್ಲಿ ನಿಲ್ಲುವುದೆಂದರೆ ನನಗೆ ಹೆಮ್ಮೆ, ಅದನ್ನು ಮುಚ್ಚಿಟ್ಟುಕೊಳ್ಳುವ ಪೈಕಿ ನಾನಲ್ಲ. ಸಂಸ್ಥೆಯವರು ಕೊಟ್ಟ ನೀಲಿ ದಾರದ ಗುರುತಿನ ಚೀಟಿಯನ್ನು ಕೊರಳಿಗೆ ಹಾಕಿಕೊಂಡೇ ಸಂತೆಗೂ ಹೋಗುತ್ತಿದ್ದೆ. ಯಾರಾದರೂ ಕೇಳಲಿ ಎಂದು ಬದನೆಕಾಯಿ ಆರಿಸುವ ನೆಪದಲ್ಲಿ ಮುಂದಕ್ಕೆ ಬಾಗಿ ಅದನ್ನು ತೂಗಾಡಿಸುತ್ತಿದ್ದೆ. ಕೊನೆಗೊಮ್ಮೆ ತರಕಾರಿಯಾಕೆ ಕೇಳಿಯೇ ಕೇಳಿದಳು, “ಏನ್ರೀ, ಕರೆಂಟಿನ ಮೀಟ್ರು ನೋಡಾಕೆ ಬಂದೀರೇನು?”

ಸಂಸ್ಥೆಗೆ ಸೇರಿದ ಮೇಲೆ ಕೈ ಸುಮ್ಮನಿರಲಿಲ್ಲ. ಸ್ವಯಂಸೇವಕರಿಗೆ ಹನ್ನೊಂದು ನಿಯಮ ಬರೆದುಕೊಟ್ಟೆ. ಅದರಲ್ಲಿ ಏಳನೆಯದು ಹೀಗಿತ್ತು: ‘ಭೇಟಿ ನೀಡಿದ ಮನೆಯಲ್ಲಿ ಏನನ್ನೂ ತಿನ್ನಬಾರದು, ಕುಡಿಯಬಾರದು, ಸ್ವೀಕರಿಸಬಾರದು.’ ಇದು ಸುಮ್ಮನೆ ಹುಟ್ಟಿದ್ದಲ್ಲ. ನನ್ನ ಮೊದಲ ಭೇಟಿ ಗೋವಿನಕೋವಿಯಲ್ಲಿತ್ತು. ಸೊಂಟ ಮುರಿದುಕೊಂಡು ಮಲಗಿದ್ದ ಅಜ್ಜಿಯ ಗಾಯ ಒರೆಸಿ ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಅಲ್ಲಿ ಅಜ್ಜಿಯ ಸೊಸೆ ಬೇಲಿಯ ಮೇಲಿಂದ ಪಕ್ಕದ ಮನೆಯವರ ಹತ್ತಿರ ನನ್ನ ಚಹಾಕ್ಕೆಂದು ಅರ್ಧ ಲೋಟ ಹಾಲು ಕಡ ಕೇಳುತ್ತಿದ್ದಳು. ಆ ಚಹಾವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅದಾದ ಮೇಲೆ ಸೂಳೆಕೆರೆಯ ಪಕ್ಕದ ಊರು. ಕಾಲು ಸೋತಿದ್ದ ಮೀನುಗಾರನೊಬ್ಬ ಎರಡು ವಾರದ ವ್ಯಾಯಾಮಕ್ಕೆ ಎದ್ದು ಕೂತ. ಆ ಸಂತೋಷಕ್ಕೆ ಅವನ ತಮ್ಮ ಆಗಷ್ಟೇ ಹಿಡಿದ ಮೀನೊಂದನ್ನು ಕವರಿನಲ್ಲಿ ಹಾಕಿ ನನ್ನ ಕೈಗಿಟ್ಟ. ನಮ್ಮ ಮನೆಯ ಹೊಸ್ತಿಲನ್ನು ಮೀನು ಯಾವತ್ತೂ ದಾಟಿದ್ದಿಲ್ಲ. ಬೇಡ ಎನ್ನಲು ಬಾಯಿ ಬರಲಿಲ್ಲ. ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ಚನ್ನಗಿರಿ ದಾಟುವಷ್ಟರಲ್ಲಿ ಚೀಲ ಒಮ್ಮೆ ಜೋರಾಗಿ ಒದ್ದಿತು. ಪಕ್ಕದಲ್ಲಿದ್ದ ಹೆಂಗಸು ಎದ್ದು ಹಿಂದಿನ ಸೀಟಿಗೆ ಹೋದಳು. ಕಂಡಕ್ಟರ್ ನನ್ನ ಹಳೆಯ ಪರಿಚಯದವನು. “ಸಾಹೇಬ್ರ ಚೀಲಕ್ಕೆ ಜೀವ ಐತಲ್ರೀ” ಎಂದ. ಇಳಿಯುವಾಗ ಚೀಲ ಸಮೇತ ಅವನಿಗೇ ಕೊಟ್ಟು ಕೈ ತೊಳೆದುಕೊಂಡೆ. ಈ ಹಾಲು, ಈ ಮೀನು, ಎರಡೂ ಸೇರಿ ಏಳನೇ ನಿಯಮವಾದವು. ನನಗೆ ಅದು ಎಷ್ಟು ಹಿಡಿಸಿತೆಂದರೆ ಹಾಳೆಗಳಿಗೆಲ್ಲ ಲ್ಯಾಮಿನೇಷನ್ ಮಾಡಿಸಿ, ಒಬ್ಬೊಬ್ಬರಿಗೂ ಒಂದೊಂದು ಹಂಚಿದೆ.

ಗುರುವಾರ ನನ್ನ ಪಾಲಿಗೆ ಜಗಳೂರು. ಹೊನ್ನಾಳಿಯಿಂದ ಎರಡು ಬಸ್ಸು ಬದಲಿಸಿ, ಜಗಳೂರಿನಿಂದ ಆಚೆಗೆ ಆಟೋದಲ್ಲಿ ಹೋಗಬೇಕಾದ ಒಂದು ಹಳ್ಳಿ. ಅಲ್ಲಿ ಓಬಜ್ಜ ಎಂಬ ಮುದುಕನಿಗೆ ಬಲಗಡೆ ಲಕ್ವ ಹೊಡೆದಿತ್ತು. ಅವನ ಮನೆಯೆದುರು ಬೇವಿನ ಮರ, ಅದರ ಕೆಳಗೊಂದು ಕಟ್ಟೆ, ಕಟ್ಟೆಯ ಕಲ್ಲಿನ ಮೇಲೆ ಹುಲಿ ಕುರಿ ಆಟದ ಗೆರೆ. ಹತ್ತೂರಿನಲ್ಲಿ ಓಬಜ್ಜನ ಹುಲಿಯನ್ನು ಕಟ್ಟಿಹಾಕಿದವರಿಲ್ಲವಂತೆ. ಈಗ ಒಳಗೆ ಮಲಗಿ, ಹೊರಗೆ ಆಡುವವರ ಗದ್ದಲ ಕೇಳಿಸಿಕೊಂಡು, ಅವರು ತಪ್ಪು ನಡೆ ನಡೆಸಿದಾಗಲೆಲ್ಲ ತೊದಲು ಬಾಯಲ್ಲಿ ಬೈಯುತ್ತಿದ್ದ. ಹಾಸಿಗೆಯಿಂದ ಕಟ್ಟೆಗೆ ಹನ್ನೆರಡು ಹೆಜ್ಜೆ. ನಾನೇ ಅಳೆದಿದ್ದೆ. ದಾವಣಗೆರೆಯಿಂದ ಬಂದು ನಮಗೆ ವ್ಯಾಯಾಮ ಕಲಿಸಿದ ಡಾಕ್ಟರಮ್ಮ ಅವನನ್ನೂ ನೋಡಿ, “ಈಗಿನ ಕೆಲವು ತಿಂಗಳು ಬಿಟ್ಟುಕೊಟ್ಟರೆ ಕೈಕಾಲು ಬಿಗಿದುಹೋಗುತ್ತವೆ, ಆಮೇಲೆ ಕಷ್ಟ” ಎಂದು ಸ್ಪಷ್ಟವಾಗಿ ಹೇಳಿದ್ದರು. ಕಾಲು ನಿಧಾನಕ್ಕೆ ದಾರಿಗೆ ಬಂತು. ಕೈ ಮಾತ್ರ ಬರಲಿಲ್ಲ. ಹಿಸುಕಲು ಸ್ಪಂಜಿನ ಚೆಂಡು ಕೊಟ್ಟರೆ ಓಬಜ್ಜ ಅದನ್ನು ನೆಲಕ್ಕೆ ಬಿಡುತ್ತಿದ್ದ. “ಕೂಸಿಗೆ ಕೊಡ್ರಿ ಅದನ್ನ” ಎನ್ನುತ್ತಿದ್ದ.

ವ್ಯಾಯಾಮ ಮುಗಿದ ಕೂಡಲೇ ಅವನ ಹೆಂಡತಿ ತಿಪ್ಪಕ್ಕ ಸ್ಟೀಲ್ ಲೋಟದಲ್ಲಿ ಚಹಾ ತರುತ್ತಿದ್ದಳು. ನಾನು ಎರಡೂ ಕೈ ಮುಗಿದು, “ಬೇಡ ತಿಪ್ಪಕ್ಕ” ಎನ್ನುತ್ತಿದ್ದೆ. ನನ್ನ ತ್ಯಾಗಕ್ಕೆ ನಾನೇ ಒಳಗೊಳಗೆ ಉಬ್ಬಿ, ಚೀಲದಿಂದ ನನ್ನದೇ ನೀರಿನ ಬಾಟಲಿ ತೆಗೆದು ಗಟಗಟ ಕುಡಿಯುತ್ತಿದ್ದೆ. ನಾಲ್ಕು ಗುರುವಾರ ಹೀಗೇ ನಡೆಯಿತು. ಐದನೆಯ ಗುರುವಾರ ಹೋದಾಗ ತಿಪ್ಪಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಬ್ಯಾಡ ಬಿಡ್ರಿ ಯಜಮಾನ್ರೆ” ಎಂದಳು. “ನಮ್ಮನೆ ನೀರು ನಿಮಗೆ ಆಗಂಗಿಲ್ಲ. ಆಗದ ಮನೆಗೆ ಇಷ್ಟು ದೂರ ಬಂದು ನಮ್ಮ ಮನುಷ್ಯನ ಕೈಕಾಲು ಯಾಕೆ ಮುಟ್ತೀರಿ? ಹೋಗಿ ಮೈ ತೊಳ್ಕಳೋ ತ್ರಾಸು ನಿಮಗ್ಯಾಕೆ?”

ಹೀಗೂ ಕಾಣಬಹುದೆಂದು ನನ್ನ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ. ಗಡಿಬಿಡಿಯಲ್ಲಿ ಚೀಲದಿಂದ ಲ್ಯಾಮಿನೇಷನ್ ಹಾಳೆ ತೆಗೆದು, “ಹಂಗಲ್ಲ ತಿಪ್ಪಕ್ಕ, ಇದು ನಿಯಮ ಐತೆ, ನೋಡ್ರಿ” ಎಂದು ಮುಂದೆ ಹಿಡಿದೆ.

“ನಾನು ಓದಿದಾಕಿ ಅಲ್ಲ. ಏನು ಬರದೈತೆ ಹೇಳ್ರಿ.”

ಏಳನೆಯದನ್ನು ಓದಿದೆ. ಜೋರಾಗಿ ಓದಿದಾಗ ಅದು ನನ್ನ ಕಿವಿಗೇ ಚೆನ್ನಾಗಿ ಕೇಳಿಸಲಿಲ್ಲ.

“ಇಂಥದ್ದು ಬರದೋರು ಯಾರ್ರೀ?”

“ನಾನೇ.”

“ಬರದೋರು ನೀವೇ ಆದ್ರೆ ಅಳಸೋರೂ ನೀವೇ ಅಲ್ವೇನ್ರಿ?” ಎಂದವಳೇ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಹಿಂದಿರುಗುವಾಗ ಬಸ್ಸಿನಲ್ಲಿ ನನಗೆ ಮೊದಲು ಬಂದದ್ದು ಸಿಟ್ಟು. ಇಷ್ಟು ದೂರ ಬರುತ್ತೇನೆ, ಬೆವರು ಸುರಿಸುತ್ತೇನೆ, ನನಗೇ ಇಂಥ ಮಾತೇ ಎಂದು ಗೊಣಗಿದೆ. ದಾವಣಗೆರೆ ಹತ್ತಿರ ಬರುವಾಗ ನಮ್ಮ ಅಜ್ಜನ ನೆನಪಾಯಿತು. ಅವನು ಪರ ಊರಿಗೆ ಹೊರಟರೆ ಸ್ವಂತ ತಂಬಿಗೆಯಲ್ಲಿ ಸ್ವಂತ ನೀರು ಹೊತ್ತುಕೊಂಡೇ ಹೋಗುತ್ತಿದ್ದ. ಯಾಕೆಂದು ಅವನು ಯಾರಿಗೂ ಬಿಡಿಸಿ ಹೇಳುತ್ತಿರಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಅವನ ತಂಬಿಗೆ ಹಿತ್ತಾಳೆಯದು, ನನ್ನ ಬಾಟಲಿ ಪ್ಲಾಸ್ಟಿಕ್ಕಿನದು, ಅಷ್ಟೇ ವ್ಯತ್ಯಾಸ ಎಂದು ತಿಪ್ಪಕ್ಕ ತಿಳಿದುಕೊಂಡಿದ್ದರೆ ತಪ್ಪು ಅವಳದಾಗಿರಲಿಲ್ಲ. ನನಗೆ ನಾಚಿಕೆಯಾಯಿತು. ಅಂಥ ನಾಚಿಕೆ ಆ ವಯಸ್ಸಿನವರೆಗೆ ನನಗೆ ಆಗಿದ್ದಿಲ್ಲ.

ಆದರೂ ಮುಂದಿನ ಎರಡು ಗುರುವಾರ ನಾನು ಹೋಗಲಿಲ್ಲ. ನಾಚಿಕೆಯಾದವನಿಗೆ ಮೈ ಹುಷಾರಿಲ್ಲದಿರುವುದು ಸುಲಭ. ನನ್ನ ಬದಲಿಗೆ ಸೀತಾಬಾಯಿ ಒಮ್ಮೆ ಹೋಗಿ ನೋಡಿಕೊಂಡು ಬಂದು, “ಅಜ್ಜನ ಕೈ ಬಿಗಿಯಾಕೆ ಹತ್ತೈತೆ ಸರ್. ನೀವೇ ಹೋಗಿ ಸರಿಮಾಡದಿದ್ರೆ ಯಾರು ಹೋದ್ರೂ ಆಯಮ್ಮ ಬಾಗಿಲು ತೆಗಿಯಂಗಿಲ್ಲ. ನನಗೂ ಕಿಟಕಿಯಾಗೇ ತೋರ್ಸಿದ್ಲು” ಎಂದರು. ಕಟ್ಟೆಯ ಹನ್ನೆರಡು ಹೆಜ್ಜೆ ನನ್ನ ಕಣ್ಣ ಮುಂದೆ ಬಂದು ನಿಂತವು.

ಮೂರನೆಯ ಗುರುವಾರ ಬಾಟಲಿಯನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಹೊರಟೆ. ಜಗಳೂರಿನ ಬಿಸಿಲು ನನಗೆ ಸಹಕರಿಸಿತು. ಆಟೋ ಇಳಿಯುವ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತು. ತಿಪ್ಪಕ್ಕ ಹೊರಗೆ ಶೇಂಗಾ ಒಣಗಿಸುತ್ತಿದ್ದಳು. ಬಸ್ಸಿನಲ್ಲಿ ಕ್ಷಮೆ ಕೇಳುವ ದೊಡ್ಡ ಭಾಷಣ ಕಟ್ಟಿಕೊಂಡು ಬಂದಿದ್ದೆ. ಅದು ಮರೆತೇಹೋಯಿತು. “ತಿಪ್ಪಕ್ಕ, ಬಾಯಾರಿ ಸಾಯ್ತಾ ಇದೀನಿ. ನೀರು ಕೊಡ್ರಿ” ಎಂದೆ.

ಅವಳು ನನ್ನ ಮುಖ ನೋಡಿದಳು, ಚೀಲ ನೋಡಿದಳು. ಒಳಗೆ ಹೋಗಿ ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದಳು. ಚೊಂಬು ಖಾಲಿಯಾಗುವವರೆಗೂ ನನ್ನ ಗಂಟಲನ್ನೇ ನೋಡುತ್ತ ನಿಂತಳು. ಆಮೇಲೆ, “ಒಳಗೆ ಬರ್ರಿ. ಚಾ ಇಡ್ತೀನಿ” ಎಂದಳು.

ಚಹಾ ಬಂತು. ಆಗ ಹಾಸಿಗೆಯ ಮೇಲೆ ಕೂತಿದ್ದ ಓಬಜ್ಜ, “ಏಯ್, ಇತ್ತ ಕೊಡು. ಮನೆಗೆ ಬಂದೋರಿಗೆ ನಾನು ಕೊಡ್ಬೇಕು” ಎಂದ. ಹೇಳಿದವನು ಚಾಚಿದ್ದು ಎಡಗೈಯನ್ನಲ್ಲ. ಬಂದವರಿಗೆ ಎಡಗೈಯಲ್ಲಿ ಕೊಡುವುದುಂಟೇ? ಎರಡು ತಿಂಗಳಿಂದ ಚೆಂಡನ್ನು ಮೂಸಿಯೂ ನೋಡದ ಆ ಬಲಗೈ ನಡುಗುತ್ತ ಎದ್ದು, ಬೆರಳು ಒಂದೊಂದಾಗಿ ಮಡಚಿ, ಲೋಟವನ್ನು ಹಿಡಿಯಿತು. ಅದು ನನ್ನ ಕೈಗೆ ಬರುವಷ್ಟರಲ್ಲಿ ಅರ್ಧ ಚಹಾ ನನ್ನ ಪ್ಯಾಂಟಿನ ಮೇಲಿತ್ತು. ತೊಡೆ ಸುಟ್ಟಿತು. ಕೂಗುವುದನ್ನೂ ಮರೆತು ಕೂತೆ. ತಿಪ್ಪಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ. ಅವತ್ತಿನಿಂದ ಓಬಜ್ಜನ ಕೈಗೆ ಚೆಂಡಿಲ್ಲ, ಲೋಟವೇ ವ್ಯಾಯಾಮ. ಪ್ರತಿ ಗುರುವಾರ ಮೂರು ಸಲ ನನಗೆ ಚಹಾ ಕೊಡುತ್ತಿದ್ದ, ನಾನು ಮೂರು ಸಲ ಕುಡಿಯುತ್ತಿದ್ದೆ. ಉಳಿದ ದಿನ ಕಟ್ಟೆಯ ಗೆಳೆಯರು ಸರದಿಯ ಮೇಲೆ ಬಂದು ಕುಡಿದು ಹೋಗುತ್ತಿದ್ದರು, ಹಾಲೂ ಅವರವರ ಮನೆಯಿಂದಲೇ ಬರುತ್ತಿತ್ತು. ದೀಪಾವಳಿಯ ಹೊತ್ತಿಗೆ ಓಬಜ್ಜ ವಾಕರ್ ಹಿಡಿದು ಹನ್ನೆರಡು ಹೆಜ್ಜೆ ನಡೆದು ಕಟ್ಟೆಯ ಮೇಲೆ ಕೂತ. ಬಲಗೈಯಲ್ಲೇ ಹುಲಿ ನಡೆಸಿ, ಮೊದಲ ಆಟದಲ್ಲೇ ನನ್ನ ಐದು ಕುರಿ ತಿಂದ. ನನ್ನ ಬದುಕಿನಲ್ಲಿ ಅಷ್ಟು ಸಂತೋಷದಿಂದ ಸೋತದ್ದು ಬೇರೆ ಇಲ್ಲ.

ಈ ಕತೆಯನ್ನು ನಮ್ಮ ಸಭೆಗಳಲ್ಲಿ ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಚನ್ನಗಿರಿಯವರಿಗೆ ಹೇಳಿದೆ, ನ್ಯಾಮತಿಯವರಿಗೆ ಹೇಳಿದೆ. ಒಂದೊಂದು ಸಲಕ್ಕೂ ತೊಡೆ ಇನ್ನಷ್ಟು ಹೆಚ್ಚು ಸುಡುತ್ತಿತ್ತು. ಆದರೆ ಏಳನೇ ನಿಯಮವನ್ನು ಮಾತ್ರ ತೆಗೆಯಲಿಲ್ಲ. ಲ್ಯಾಮಿನೇಷನ್ ಮೇಲೆ ಪೆನ್ನು ಹತ್ತುವುದಿಲ್ಲ ಎಂಬುದು ನಾನು ಕೊಟ್ಟ ಕಾರಣ. ನಿಜವಾದ ಕಾರಣ, ಅದರ ಅಕ್ಷರ ಬಹಳ ಚಂದ ಬಂದಿತ್ತು.

ಕಳೆದ ಮಳೆಗಾಲದಲ್ಲಿ ನಾನು ಬಚ್ಚಲುಮನೆಯಲ್ಲಿ ಜಾರಿ ಬಿದ್ದೆ, ಗೋಡೆಯ ಮೇಲಿನ ಮೊದಲ ನಿಯಮದ ನೇರ ಕೆಳಗೆ. ನೆಲ ಒದ್ದೆ ಬಿಟ್ಟವನೂ ನಾನೇ. ಪಾದದ ಮೂಳೆ ಬಿರುಕು ಬಿಟ್ಟಿತು. ಪಟ್ಟಿ ಬಿಚ್ಚಿದ ಮೇಲೆ ಡಾಕ್ಟರು, “ಇನ್ನು ಎದ್ದು ಭಾರ ಹಾಕಿ” ಎಂದರು. ನಾನು ಹಾಕಲಿಲ್ಲ. ನೋವು, ಅದಕ್ಕಿಂತ ಹೆಚ್ಚಾಗಿ ಹೆದರಿಕೆ. ಊರವರಿಗೆಲ್ಲ ವ್ಯಾಯಾಮ ಮಾಡಿಸಿದವನು ಕುರ್ಚಿಯಲ್ಲಿ ಕೂತು ನಾಳೆ, ನಾಳೆ ಎನ್ನತೊಡಗಿದೆ. ಸುಮಿತ್ರಾ ಸಂಸ್ಥೆಗೆ ಫೋನ್ ಮಾಡಿದಳು. ಸೀತಾಬಾಯಿ ಬಂದರು, ಕೊರಳಲ್ಲಿ ನೀಲಿ ದಾರದ ಚೀಟಿ. ಎರಡು ದಿನ ಹೇಳಿ ನೋಡಿದರು, ನಾನು ಏಳಲಿಲ್ಲ. ಮೂರನೆಯ ದಿನ ಸುಮಿತ್ರಾ ಕಾಫಿ ತಂದಳು. ಸೀತಾಬಾಯಿ ಎರಡೂ ಕೈ ಮುಗಿದರು. “ಬ್ಯಾಡ ಅಕ್ಕ. ಏಳನೇ ನಿಯಮ” ಎಂದವರೇ ಚೀಲದಿಂದ ತಮ್ಮ ನೀರಿನ ಬಾಟಲಿ ತೆಗೆದು ಕುಡಿಯತೊಡಗಿದರು.

ನನ್ನ ಮೈಯೆಲ್ಲ ಉರಿದುಹೋಯಿತು. ತಿಪ್ಪಕ್ಕ ನಾಲ್ಕು ಗುರುವಾರ ಇದನ್ನು ಹೇಗೆ ಸಹಿಸಿದಳೋ. “ಏನ್ರೀ ಸೀತಾಬಾಯಿ, ನಮ್ಮನೆ ಕಾಫಿಗೆ ಏನಾಗೈತ್ರೀ? ಯಾವ ತಲೆಕೆಟ್ಟೋನು ಬರ್ದಿದ್ದು ಆ ನಿಯಮ?” ಎಂದು ಕೂಗಿ, ಸುಮಿತ್ರಾಳ ಕೈಯಿಂದ ಲೋಟ ಕಿತ್ತುಕೊಂಡು ಸೀತಾಬಾಯಿಯ ಮುಂದೆ ಹಿಡಿದೆ. ಅವರು ಶಾಂತವಾಗಿ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು.

“ಬರ್ದೋರು ನೀವೇ ಸರ್” ಎಂದರು. “ಚೆಂಡಿಗೆ ಬಗ್ಗದ ಕೈ ಲೋಟಕ್ಕೆ ಬಗ್ತು ಅಂತ ಮೀಟಿಂಗಿನಾಗೆ ಹೇಳಿದ್ದೂ ನೀವೇ. ಈಗ ಒಂದೀಟು ಕೆಳಗೆ ನೋಡ್ಕಳ್ರಿ.”

ನೋಡಿದೆ. ಕುರ್ಚಿ ನನ್ನ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿತ್ತು. ಸುಮಿತ್ರಾ ಗೋಡೆ ಹಿಡಿದುಕೊಂಡು ನಗುತ್ತಿದ್ದಳು. ಇಂಥವರ ಸಂಸ್ಥೆಯಲ್ಲಿ ನಾನೂ ಒಬ್ಬ ಎಂದು ಹೆಮ್ಮೆಪಡುವಷ್ಟರಲ್ಲಿ ಕಾಲು ನೋಯಲು ಶುರುವಾಗಿ, ಅಲ್ಲೇ ನೆಲಕ್ಕೆ ಕೂತೆ.

ಈಗ ಮನೆಗೆ ಬರುವ ಸ್ವಯಂಸೇವಕರಿಗೆಲ್ಲ ಸುಮಿತ್ರಾ ಕಾಫಿ ಕೊಡುತ್ತಾಳೆ. ಟೇಬಲ್ಲಿಗೆ ಕಲೆಯಾಗಬಾರದೆಂದು ಲೋಟದ ಅಡಿಗೆ ನನ್ನ ಲ್ಯಾಮಿನೇಷನ್ ಹಾಳೆಯನ್ನು ಹಾಕುತ್ತಾಳೆ. ಬಿಸಿ ಲೋಟ ಇಟ್ಟು ಇಟ್ಟು ಏಳನೆಯ ಸಾಲಿನ ಮೇಲೆ ದುಂಡಗೆ ಗುರುತು ಬಿದ್ದು ಅಕ್ಷರ ಓದಲು ಬರುವುದಿಲ್ಲ. ಉಳಿದ ಹತ್ತು ನಿಯಮ ಇನ್ನೂ ಚೆನ್ನಾಗಿಯೇ ಇವೆ. ಅವನ್ನು ಇವತ್ತಿನವರೆಗೆ ಯಾರೂ ಓದಿದ ಹಾಗೆ ಕಾಣುವುದಿಲ್ಲ.