ಎಡಗಡಿ ಎಂಜಿನ್ ಬಿಸಿ, ಬಲಗಡಿದು ತಂಪು

ಕೆಟ್ಟ ಎಂಜಿನ್‌ಗಳು ನನ್ನ ಮನಿ ಹುಡುಕ್ಕೊಂಡು ಬರ್ತಾವ, ಮೊದಲಿಂದ ಹಂಗ. ಚೀಕಲಪರ್ವಿ ಹೊಳಿ ದಂಡಿಮ್ಯಾಗ ನಾ ರಿಪೇರಿ ಮಾಡಿದ ಪಂಪ್‌ಸೆಟ್ಟು ನೀರು ಎಳದ ಎಳತಕ್ಕ ಆ ದಂಡಿ ಮೀನು ಈ ದಂಡಿಗಿ ಬಂದಿದ್ವು. ಅಕ್ಷರ ಓದಾಕ ಬರಂಗಿಲ್ಲ, ಮೀಟರಿನ ಮುಳ್ಳು ಮಾತ್ರ ಓದದ ಬಿಡಂಗಿಲ್ಲ. ಆದ್ರ ವಿಮಾನದ ಎಂಜಿನ್ನಿಗೂ ನನ್ನ ಕರೀತಾರಂತ ಅನ್ಕೊಂಡಿರಲಿಲ್ಲ.

೧. ತೊಯ್ದ ಗೋಣಿಚೀಲ

ಕರದಾಂವ ನನ್ನ ಗೆಳೆಯ, ದೇವದುರ್ಗ-ಮಾನ್ವಿ ಬಸ್ಸಿನ ಹಳೇ ಡ್ರೈವರ್. ಹಜ್‌ಗೆ ಹೋಗಾಕ ಪಾಸ್‌ಪೋರ್ಟ್ ಮಾಡಿಸಿದ ಮ್ಯಾಗ ಲಕ್ವಾ ಹೊಡದು ಹಾಸಿಗಿ ಹಿಡದಿದ್ದ. ಬಲಗೈ ಬೆರಳು ಆಡಸ್ಬೇಕಂತ ಡಾಕ್ಟರ್ ಹೇಳಿದ್ದಕ್ಕ, ಟೀಚರ್ ಆಗಿದ್ದ ಮಗಳು ಕಂಪ್ಯೂಟರಿನ್ಯಾಗ ವಿಮಾನದ ಆಟ ಹಾಕಿ, ಎರಡು ಎಂಜಿನ್ನಿಗೆ ಎರಡು ಹಿಡಿಕಿ ಜೋಡಿಸಿ ಕೊಟ್ಟಿದ್ಲು. ಅವಂದು ಒಂದ ಹಟ: ಸಾಯೂದ್ರಾಗ ಒಮ್ಮ್ಯಾದ್ರೂ, ಆಟದಾಗಾದ್ರೂ, ಹಜ್ ವಿಮಾನ ಇಳಿಯೋ ಜೆಡ್ಡಾದಾಗ ಇಳೀಬೇಕು.

"ಮಿಸ್ತ್ರಿ, ಎಡದ್ದು ಕೆಂಪು ಗೆರಿ ದಾಟ್ತದ, ಬಲದ್ದು ಥಂಡಾ. ಅರ್ಧ ದಾರ್ಯಾಗ ಬೆಂಕಿ ಹತ್ತತದ" ಅಂದ.

ಕಂಪ್ಯೂಟರ್ ಡಬ್ಬಿ ಮುಟ್ಟಿ ನೋಡಿದೆ. ಎಡಗಡಿ ಖರೇನ ಬಿಸಿ. ಪಂಪ್‌ಸೆಟ್ಟಿಗೆ ಮಾಡೋ ಇಲಾಜೇ ಮಾಡಿದೆ, ಗೋಣಿಚೀಲ ತೊಯ್ಸಿ ಹೊಚ್ಚಿದೆ. ಮನಿ ಕರೆಂಟ್ ಹೋತು.

"ಚಾಚಾ, ಏನ್ ಮಾಡಿದ್ರಿ?" ಅಂದ್ಲು ಮಗಳು.

"ಈಗ ಎರಡೂ ತಂಪಾಗ್ಯಾವ ನೋಡವ್ವಾ" ಅಂದೆ.

೨. ಕುಸುಬಿ ಎಣ್ಣಿ

ಮಗಳು ಡಬ್ಬಿ ಒಣಗಿಸಿ ಮತ್ತ ಹಚ್ಚಿದ್ಲು. ಗೆಳೆಯ ರನ್‌ವೇ ಮ್ಯಾಗ ಸುಮ್ನ ಕುಂತ.

"ಯಾಕಲೇ?"

"ಕಂಡಕ್ಟರ್ ರೈಟ್ ಅಂದಿಲ್ಲ."

"ರೈಟ್" ಅಂದೆ. ಹೊಂಟ.

ಆಗ ನೋಡಿದೆ. ಎರಡೂ ಹಿಡಿಕಿ ಒಂದ ಅಂಗೈಲಿ ನೂಕತಿದ್ದ. ಹೆಬ್ಬಟ್ಟಿನ ಕಡಿ ಎಡದ್ದು ಪೂರ್ತಿ ಮುಂದ, ಕಿರುಬೆರಳ ಕಡಿ ಬಲದ್ದು ಅರ್ಧಕ್ಕ. ಆ ಬೆರಳಿಗಿ ಕಸುವ ಇರಲಿಲ್ಲ. ಎಂಜಿನ್ನಿಗೆ ಯಾವ ರೋಗೂ ಇರಲಿಲ್ಲ.

"ಏನ್ ಸಿಕ್ತು?" ಅಂದ.

"ಎಣ್ಣಿ ಕಡಿಮಿ ಆಗ್ಯದ" ಅಂದು, ಅವನ ಕೈ ಮ್ಯಾಗ ನನ್ನ ಕೈ ಇಟ್ಟು ನೂಕಿದೆ. ಎರಡೂ ಮುಳ್ಳು ಜೋಡೆತ್ತಿನಂಗ ಸಮ ನಿಂತುವು.

"ಯಾವ ಎಣ್ಣಿ ಹಾಕಿದಿ?"

"ಹಿರೇಕೊಟ್ನೆಕಲ್ಲಿನ ಕುಸುಬಿ ಎಣ್ಣಿ."

ಅಂವ ನನ್ನ ಕೈ ನೋಡಿದ. "ಹೌದಲೇ, ವಾಸನಿ ಬರಾಕತ್ತದ" ಅಂದ.

೩. ಚಪ್ಪಲಿ

ಆಮ್ಯಾಲ ದಿನಾ ಕೈ ಮ್ಯಾಗ ಕೈ. ಒಂದಿನ ನೀರಿನ ಆಚಿ ದಂಡಿಗಿ ಜೆಡ್ಡಾ ಕಾಣಿಸ್ತು.

"ಪಾಕ್ ಜಗಾ, ಪವಿತ್ರ ನೆಲ ಬಂತು, ಚಪ್ಪಲಿ ಬಿಡಲೇ" ಅಂದ.

ಚಪ್ಪಲಿ ಬಿಡಾಕ ಕೈ ತಗದು ಬಗ್ಗಿದೆ. ಬಲದ ಹಿಡಿಕಿ ಹಿಂದ ಸರೀತು, ವಿಮಾನ ವಾಲಿ ಸಮುದ್ರದಾಗ ಬಿತ್ತು.

"ಚಪ್ಪಲಿ ತೊಯ್ಯಲಿಲ್ಲ, ಛಲೋ ಆತು" ಅಂದ ಗೆಳೆಯ. "ನಾಳಿ ಇಳಿಯೋಣು."

ನಸಕಿನ್ಯಾಗ ಮಗಳು ಫೋನ್ ಮಾಡಿ ಅತ್ಲು.

ಕಬರಸ್ತಾನದ ಬಾಗಿಲದಾಗ ಚಪ್ಪಲಿ ಬಿಟ್ಟೆ. ಒಂದು ಹಿಡಿ ಮಣ್ಣು ಹಾಕಿ ನಿಂತೆ. ಬಲಗಾಲು ಬೇವಿನ ನೆರಳಾಗ ತಂಪಿತ್ತು, ಎಡಗಾಲು ಬಿಸಿಲಾಗ ಸುಡಾಕತ್ತಿತ್ತು. ಎಲ್ಲಾರೂ ಹೊಂಟ್ರು.

"ಮಿಸ್ತ್ರಿ, ನಡೀರಿ. ಮಣ್ಣು ಮುಗೀತು" ಅಂದ ಓಣ್ಯಾಗಿನವನೊಬ್ಬ.

"ತಡಿ, ಆ ಡ್ರೈವರ್ ಇನ್ನೂ ಹೊಂಟಿಲ್ಲ" ಅಂದೆ. ಬಗ್ಗಿ, ಮಣ್ಣಿನ ಮ್ಯಾಗ ಕೈ ಇಟ್ಟು, "ರೈಟ್" ಅಂದೆ.