ದೊಡ್ಡಪ್ಪನ ‘ನಾವು’

ನಮ್ಮ ದೊಡ್ಡಪ್ಪ ಒಬ್ಬರೇ ಹುಟ್ಟಿದರು ಎಂದರೆ ನಾನು ಇವತ್ತಿಗೂ ನಂಬುವುದಿಲ್ಲ! ಅವರ ಬಾಯಲ್ಲಿ ‘ನಾನು’ ಎಂಬ ಮಾತು ಕೇಳಿದವರೇ ಇರಲಿಲ್ಲ. ನಾವು ಸ್ನಾನ ಮಾಡಿದ್ವಿ, ನಮಗೆ ಹಲ್ಲುನೋವು, ನಮ್ಮ ಹೆಂಡತಿ ತವರಿಗೆ ಹೋಗಿದ್ದಾಳೆ. ಈ ಕೊನೆಯದನ್ನು ಕೇಳಿದ ಹೊಸಬರು ನಮ್ಮಪ್ಪನ ಮುಖ ನೋಡುತ್ತಿದ್ದರು. ಅಪ್ಪ ಪಾಪ, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಿದ್ದರು.

ಆಗ ರಾಜಾಜಿನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಎರಡು ಕೋಣೆಯ ಮನೆಯಲ್ಲಿ ಮಾತ್ರ ಹನ್ನೊಂದು ಜನ. ಒಮ್ಮೆ ದೊಡ್ಡಪ್ಪ ನಮಗೆ ಜ್ವರ ಎಂದು ಹೇಳಿದ್ದೇ ತಡ, ಕಾಂಪೌಂಡರು ಹನ್ನೊಂದು ಜನಕ್ಕಾಗುವಷ್ಟು ಮಿಕ್ಸ್ಚರ್ ಕೊಟ್ಟು ಕಳಿಸಿದ. ಔಷಧಿ ಚೆಲ್ಲಬಾರದೆಂದು ದೊಡ್ಡಮ್ಮ ಎಲ್ಲರಿಗೂ ಹಂಚಿದರು. ಜ್ವರ ಒಬ್ಬರಿಗೆ, ಕಹಿ ಹನ್ನೊಂದು ಬಾಯಿಗೆ!

ಬಿನ್ನಿಪೇಟೆಯ ಬಟ್ಟೆ ಗಿರಣಿಯಲ್ಲಿ ಅವರಿಗೆ ಮಗ್ಗದ ಕೆಲಸ. ಒಂದು ಸಲ ಬಟ್ಟೆ ಬಲು ಚೆನ್ನಾಗಿ ಬಂದಿತ್ತಂತೆ. ನೇಯ್ದವನು ಯಾರು ಎಂದು ಇಂಗ್ಲಿಷ್ ದೊರೆ ಕೇಳಿದ. ನಾವು ಎಂದರು ಇವರು. ಯಾರ್ಯಾರು ಎಂದ ಅವನು. ನೂಲು ತೆಗೆದವನಿಂದ ಹಿಡಿದು ಕಸ ಗುಡಿಸುವವಳವರೆಗೆ ಹದಿನಾಲ್ಕು ಹೆಸರು ಹೇಳಿ ಬಂದರು! ಬಹುಮಾನ ಬಂದದ್ದು ಒಂದೇ ಒಂದು ಕೊಡೆ. ಮಳೆ ಹಿಡಿದ ಆ ತಿಂಗಳಲ್ಲಿ ಅದು ಸರದಿಯ ಮೇಲೆ ನಮ್ಮ ಮನೆಗೆ ಬಂದದ್ದು ಎರಡು ದಿನ. ಎರಡು ದಿನವೂ ಬಿಸಿಲು.

ಇಂಥವರು ಕಥೆ ಹೇಳಿದರೆ ಹೇಗಿರಬೇಡ? ನನ್ನ ಇಂಗ್ಲಿಷ್ ಪಾಠದಲ್ಲಿ ಹುಡುಗನೊಬ್ಬ ಒಂಟಿಯಾಗಿ ಮನೆ ಬಿಟ್ಟು ಹೋಗಿ ದೊಡ್ಡ ಮನುಷ್ಯನಾಗುತ್ತಿದ್ದ. ಓದಿ ಹೇಳಿದರೆ ದೊಡ್ಡಪ್ಪನಿಗೆ ಸಮಾಧಾನವೇ ಇಲ್ಲ. “ಅಲ್ಲ ಕಣಮ್ಮ, ಅವನಿಗೆ ಬುತ್ತಿ ಕಟ್ಟಿಕೊಟ್ಟೋರು ಯಾರು? ಅವರ ಸುದ್ದೀನೇ ಇಲ್ವಲ್ಲ!” ಅವರ ಕಥೆಯ ರಾಜಕುಮಾರನೋ, ಅತ್ತೆ, ಭಾವಮೈದ, ಅಗಸ, ಅಡುಗೆಯವರನ್ನೆಲ್ಲ ಕಟ್ಟಿಕೊಂಡೇ ಹೊರಡುತ್ತಿದ್ದ. ಆ ದಂಡು ಕೆಂಗೇರಿ ದಾಟುವಷ್ಟರಲ್ಲಿ ನಮಗೆ ಹಸಿವಾಗುತ್ತಿತ್ತು. ರಾಕ್ಷಸನನ್ನು ಕೊಂದದ್ದು ಯಾರೆಂದು ಕೇಳಿದರೆ, ಕೊಲ್ಲಲಿಲ್ಲವಂತೆ, ಎಲ್ಲರೂ ಕೂತು ಮಾತಾಡಿ ಒಪ್ಪಿಸಿದರಂತೆ!

ಎಸ್.ಎಸ್.ಎಲ್.ಸಿ. ಪಾಸಾದಾಗ ಮಾತ್ರ ಈ ‘ನಾವು’ ನನ್ನ ಕುತ್ತಿಗೆಗೇ ಬಂತು. ನಾನು ಕಾಲೇಜಿಗೆ ಹೋಗುತ್ತೇನೆಂದೆ. ನಂಟರೆಲ್ಲ ಸೇರಿದರು. ನಾವು ಹೆಣ್ಣುಮಕ್ಕಳನ್ನು ಬಸ್ಸು ಹತ್ತಿಸಿ ಓದಲು ಕಳಿಸುವವರಲ್ಲ, ನಾವು ನಾಲ್ಕು ಜನರ ಎದುರು ತಲೆ ಎತ್ತಿಕೊಂಡು ಓಡಾಡಬೇಡವೇ ಎಂದರು. ಗಂಡನ್ನೂ ನೋಡಿ ಇಟ್ಟಿದ್ದರು. ಕೊನೆಗೆ ಅಜ್ಜಿ ಕೇಳಿದರು.

“ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಯಾರಪ್ಪ ಹೊಣೆ?”

ಅಲ್ಲಿದ್ದ ಅಷ್ಟೂ ‘ನಾವು’ ನೆಲ ನೋಡಿದವು. ಅಪ್ಪನೂ.

“ನಾನು,” ಎಂದರು ದೊಡ್ಡಪ್ಪ.

ದೊಡ್ಡಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟರು.

“ನಾನೊಬ್ಬನೇ ಹೊಣೆ. ಬೈಯೋರು ನನ್ನ ಬೈಲಿ, ಮಗೂನ ಬೇಡ.” ಧ್ವನಿ ನಡುಗುತ್ತಿತ್ತು. ಪಾಪ, ಅಭ್ಯಾಸವಿಲ್ಲದ ಮಾತು.

ನಾಲ್ಕು ವರ್ಷ ಆ ಬೈಗುಳವನ್ನೆಲ್ಲ ಅವರೊಬ್ಬರೇ ತಿಂದರು. ಮದುವೆ ಮನೆಗಳಲ್ಲಿ ನಂಟರು ಅವರಿಗೆ ಬೆನ್ನು ಹಾಕಿ ಕೂತರು. ಎಲ್ಲವನ್ನೂ ಹಂಚಿ ತಿನ್ನುವ ಮನುಷ್ಯ, ಅದರಲ್ಲಿ ಮಾತ್ರ ಯಾರಿಗೂ ಪಾಲು ಕೊಡಲಿಲ್ಲ.

ಫಲಿತಾಂಶದ ದಿನ ಪೇಪರು ಹಿಡಿದು ಬೀದಿಯ ಪ್ರತಿ ಮನೆಯ ಮುಂದೆಯೂ ನಿಂತು ಹೇಳಿದರು. “ನಾವು ಬಿ.ಎ. ಪಾಸಾದ್ವಿ ಕಣ್ರಪ್ಪ!” ನಾನು ಅವರ ಹಿಂದೆಯೇ ಬರುತ್ತಿದ್ದೆ. ಎದುರುಮನೆಯವರು ಯಾವ ಕ್ಲಾಸಮ್ಮ ಎಂದು ನನ್ನನ್ನು ಕೇಳಿದರು.

ನಾವು ಸೆಕೆಂಡ್ ಕ್ಲಾಸು ಎಂದೆ.