ಬ್ರೇಕ್ ಇನ್‌ಸ್ಪೆಕ್ಟರರು ಬ್ರೇಕಿನ ಬಗ್ಗೆ ಕೇಳಲಿಲ್ಲ

ಬ್ರೇಕನ್ನು ಅರ್ಥ ಮಾಡಿಕೊಂಡ ತಪ್ಪಿಗೆ ಶಿಕ್ಷೆ ಅನುಭವಿಸಿದವರು ನನ್ನ ಚಿಕ್ಕಮ್ಮ ಒಬ್ಬರೇ. ಅವರ ಜೊತೆ ಪರೀಕ್ಷೆಗೆ ನಿಂತು, ಬ್ರೇಕಿನ ಗೊಡವೆಗೇ ಹೋಗದ ಉಳಿದವರೆಲ್ಲರೂ ಈಗ ಘನ ವಾಹನದ ಲೈಸೆನ್ಸನ್ನು ಜೇಬಿನಲ್ಲಿಟ್ಟುಕೊಂಡು, ನೀವೂ ನಾನೂ ಓಡಾಡುವ ರಸ್ತೆಗಳಲ್ಲೇ ಲಾರಿ ಓಡಿಸುತ್ತಿದ್ದಾರೆ. ಮುಂದೆ ಓದುವಾಗ ನಿಮಗೆ ನಗು ಬಂದರೂ ಬರಬಹುದು. ಪೆಟ್ಟು ಬಿದ್ದದ್ದು ಯಾರಿಗೆ ಎಂಬುದು ಮರೆಯದಿರಲಿ ಎಂದು ಮೊದಲೇ ಹೇಳಿಟ್ಟಿದ್ದೇನೆ.

ಚಿಕ್ಕಮ್ಮ ಎಂದರೆ ನನ್ನ ತಾಯಿಯ ತಂಗಿ. ಊರು ಕಡಬದ ಪಕ್ಕದ ಕೋಡಿಂಬಾಳ. ವಯಸ್ಸು ಐವತ್ತೆರಡು. ಎತ್ತರ, ಅವರೇ ಹೇಳುವಂತೆ, "ಸಾಕಾಗುವಷ್ಟು." ನಾಲ್ಕು ವರ್ಷಗಳಿಂದ ಗ್ರಾಮ ಪಂಚಾಯತಿನ ಒಣಕಸದ ಸಣ್ಣ ಗಾಡಿಯನ್ನು ಓಡಿಸುತ್ತಿದ್ದಾರೆ. ಅವರದೊಂದು ವಿಚಿತ್ರ ಸ್ವಭಾವವಿದೆ: ಒಳಗೆ ಏನು ನಡೆಯುತ್ತದೆ ಎಂದು ತಿಳಿಯದೆ ಯಾವ ಯಂತ್ರವನ್ನೂ ಬಳಸುವುದಿಲ್ಲ. ಮನೆಗೆ ಮಿಕ್ಸಿ ಬಂದ ದಿನ ಮೊದಲು ಅದನ್ನು ಬಿಚ್ಚಿದರು. ಅಂದು ಬಂದ ನೆಂಟರು ಚಟ್ನಿಯಿಲ್ಲದೆ ನೀರುದೋಸೆ ತಿಂದು ಹೋದರು. ಪುತ್ತೂರಿನ ಆಸ್ಪತ್ರೆಯೊಂದಕ್ಕೆ ಸಂಬಂಧಿಕರನ್ನು ನೋಡಲು ಹೋದವರು ಲಿಫ್ಟಿನ ಎದುರು ನಿಂತು, "ಹಗ್ಗ ತುಂಡಾದರೆ ಇದನ್ನು ಹಿಡಿಯುದು ಯಾರು?" ಎಂದು ಕೇಳಿದರು. ಉತ್ತರ ಗೊತ್ತಿರುವ ಮನುಷ್ಯ ಊಟಕ್ಕೆ ಹೋಗಿದ್ದ. ಚಿಕ್ಕಮ್ಮ ಕಾದರು. ಮೆಟ್ಟಿಲು ಹತ್ತಬಹುದಿತ್ತಲ್ಲ ಎನ್ನುತ್ತೀರಾ? ಪ್ರಶ್ನೆ ಕೇಳಿಯಾಗಿತ್ತಲ್ಲ! ಕೊನೆಗೆ ನೋಡಬೇಕಾಗಿದ್ದ ರೋಗಿಯೇ ಡಿಸ್ಚಾರ್ಜ್ ಆಗಿ, ಮೆಟ್ಟಿಲಿಳಿದು ಬಂದು, ಇವರನ್ನು ಮಾತನಾಡಿಸಿ ಮನೆಗೆ ಹೋದರು.

ಇದನ್ನು ಕುಟುಂಬದಲ್ಲಿ ಎಲ್ಲರೂ ಹುಚ್ಚು ಎನ್ನುತ್ತಾರೆ. ಇದೇ ಸ್ವಭಾವ ನನ್ನ ಸೋದರಮಾವನಿಗಿದೆ. ಅವರದ್ದನ್ನು "ಇಂಜಿನಿಯರ್ ತಲೆ" ಎನ್ನುತ್ತಾರೆ. ಇದು ತಪ್ಪು, ಮತ್ತು ಇದು ಈ ಬರಹದಲ್ಲಿ ನಾನು ದಾಖಲಿಸುತ್ತಿರುವ ಮೊದಲನೆಯ ತಪ್ಪು ಮಾತ್ರ.

ಹೀಗಿರುವಾಗ, ಸುತ್ತಲಿನ ಕೆಲವು ಪಂಚಾಯತುಗಳು ಸೇರಿ ಒಂದು ಲಾರಿ ತಂದವು. ಊರೂರಿನ ಒಣಕಸವನ್ನು ಕೆದಂಬಾಡಿ ಕಡೆಯ ವಿಂಗಡಣಾ ಘಟಕಕ್ಕೆ ಒಯ್ಯಲು ಅದು ಬೇಕಿತ್ತು. ಓಡಿಸುವವರಿಗೆ ಘನ ವಾಹನದ ಲೈಸೆನ್ಸ್ ಇರಬೇಕು. ಪಂಚಾಯತಿನ ಸಭೆಯಲ್ಲಿ ಚಿಕ್ಕಮ್ಮ ಕೈ ಎತ್ತಿದರು. ಅಧ್ಯಕ್ಷರು, "ಲೈಸೆನ್ಸ್ ಮಾಡಿಸಿಕೊಂಡು ಬನ್ನಿ ಅಕ್ಕ, ಅಷ್ಟರವರೆಗೆ ಲಾರಿ ಶೆಡ್ಡಿನಲ್ಲಿ ಇರ್ತದೆ," ಎಂದರು. ಅಧ್ಯಕ್ಷರು ಈ ಮಾತಿಗೆ ಇಂದಿಗೂ ಬದ್ಧರಾಗಿದ್ದಾರೆ. ಲಾರಿ ಶೆಡ್ಡಿನಲ್ಲೇ ಇದೆ.

ಈಗ ಒಂದು ಪದದ ವಿಚಾರ. ಲೈಸೆನ್ಸಿನ ಪರೀಕ್ಷೆ ಮಾಡುವ ಅಧಿಕಾರಿಯನ್ನು ನಮ್ಮ ಕಡೆ ಎಲ್ಲರೂ "ಬ್ರೇಕ್ ಇನ್‌ಸ್ಪೆಕ್ಟರ್" ಎನ್ನುತ್ತಾರೆ. ಈ ಹೆಸರು ಎಲ್ಲಿಂದ ಬಂತೋ, ಯಾರೂ ಯೋಚಿಸುವುದಿಲ್ಲ. ಚಿಕ್ಕಮ್ಮ ಯೋಚಿಸಿದರು. ಶಾಲೆಗೆ ಗಣಿತದ ಇನ್‌ಸ್ಪೆಕ್ಟರ್ ಬಂದರೆ ಗಣಿತ ಕೇಳುತ್ತಾರೆ. ಬ್ರೇಕ್ ಇನ್‌ಸ್ಪೆಕ್ಟರ್ ಬಂದರೆ ಕೇಳುವುದು ಬ್ರೇಕನ್ನೇ. ಇದರಲ್ಲಿ ತರ್ಕದೋಷವನ್ನು ತೋರಿಸಬಲ್ಲವರು ಮುಂದೆ ಬರಲಿ! ಚಿಕ್ಕಮ್ಮ ಗೇರು, ಕ್ಲಚ್ಚು, ಸ್ಟೇರಿಂಗುಗಳನ್ನು ಮನೆಗೆಲಸದ ನಡುವೆ ಕಲಿತು, ಉಳಿದ ಮನಸ್ಸನ್ನೆಲ್ಲ ಲಾರಿಯ ಏರ್ ಬ್ರೇಕಿಗೆ ಕೊಟ್ಟರು.

ಅವರು ಸೇರಿದ ಚಾಲನಾ ತರಬೇತಿ ಶಾಲೆಯ ಹೆಸರನ್ನು ನಾನು ಹೇಳುವುದಿಲ್ಲ. ಅಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲ, ಲಾರಿಯ ಸೀಟು ಮುಂದಕ್ಕೆ ಸರಿಯುವುದಿಲ್ಲ, ಕಾಲು ಎಟುಕದ ಹೆಂಗಸಿಗೆ ಬೆನ್ನ ಹಿಂದಿಡಲು ಒಂದು ತಲೆದಿಂಬನ್ನು ಕೊಟ್ಟು ಅದನ್ನೇ "ಸೌಲಭ್ಯ" ಎನ್ನುತ್ತಾರೆ. ಇವು ಮೂರೂ ತಪ್ಪುಗಳೇ. ಮೊದಲ ದಿನದ ಪಾಠದ ಸಂಭಾಷಣೆಯನ್ನು ಚಿಕ್ಕಮ್ಮ ಹೇಳಿದಂತೆಯೇ ಬರೆಯುತ್ತೇನೆ.

"ಬ್ರೇಕ್ ತುಳಿದರೆ ಎಂತ ಆಗ್ತದೆ ಮಾಸ್ಟ್ರೆ?"

"ನಿಲ್ತದೆ."

"ಯಾಕೆ ನಿಲ್ತದೆ?"

"ನಿಲ್ಲದಿದ್ರೆ ಎದುರಿನವನಿಗೆ ಗುದ್ದುತ್ತದೆ. ಅದಕ್ಕೆ."

ಪಾಠ ಅಲ್ಲಿಗೆ ಮುಗಿಯಿತು. ಚಿಕ್ಕಮ್ಮ ಬೇರೆ ಗುರುವನ್ನು ಹುಡುಕಿಕೊಂಡರು. ನೆಲ್ಯಾಡಿಯ ಹತ್ತಿರ ಗ್ಯಾರೇಜು ಇಟ್ಟಿರುವ ವಯಸ್ಸಾದ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರ ಹಿರಿಯರು ಕೇರಳದಿಂದ ರಬ್ಬರು ನೆಡಲು ಬಂದವರು. ಚಿಕ್ಕಮ್ಮ ಅವರನ್ನು "ಚೇಟ", ಅಂದರೆ ಅಣ್ಣ, ಎನ್ನುತ್ತಾರೆ. ಚೇಟ ಮಲಯಾಳದಲ್ಲಿ ಹೇಳಿದರು, ಚಿಕ್ಕಮ್ಮ ಕನ್ನಡದಲ್ಲಿ ಕೇಳಿದರು, ಬಿಚ್ಚಿಟ್ಟ ಬ್ರೇಕು ಇಬ್ಬರ ನಡುವೆ ದುಭಾಷಿಯಾಗಿ ಕೂತಿತು. ಆರು ತಿಂಗಳು ಪ್ರತಿ ಭಾನುವಾರ ಚಿಕ್ಕಮ್ಮ ಲಾರಿಗಳ ಅಡಿಯಲ್ಲಿ ಮಲಗಿರುತ್ತಿದ್ದರು. ಮದುವೆಗೆ ಕರೆಯಲು ಬಂದವರು ಆಮಂತ್ರಣ ಪತ್ರಿಕೆಯನ್ನು ಬಗ್ಗಿ ಕೊಟ್ಟು ಹೋದದ್ದೂ ಉಂಟು.

ಕಲಿತದ್ದನ್ನು ಹೇಳದೆ ಇರಲಾರದ ಜೀವ ಅದು. ಗುತ್ತಿಗಾರಿನ ನಮ್ಮ ಮನೆಗೆ ಬಂದು, ಊಟಕ್ಕೆ ಕೂತಾಗ ವಿವರಿಸಿದರು. ಇಂಜಿನ್ ಓಡುವಾಗ ಒಂದು ಪಂಪು ಗಾಳಿಯನ್ನು ಟ್ಯಾಂಕಿಗೆ ಒತ್ತಿ ತುಂಬುತ್ತದೆ. ಪೆಡಲ್ ತುಳಿದರೆ ಆ ಗಾಳಿ ಚಕ್ರದ ಬಳಿಗೆ ಹೋಗಿ ಬ್ರೇಕನ್ನು ಒತ್ತುತ್ತದೆ. ಇದು ಸುಲಭ. ಆದರೆ ಲಾರಿಯ ಹ್ಯಾಂಡ್ ಬ್ರೇಕು ತಿರುಗುಮುರುಗು. ಅಲ್ಲಿ ಚಕ್ರವನ್ನು ಹಿಡಿಯುವುದು ಒಂದು ದಪ್ಪ ಸ್ಪ್ರಿಂಗು. ಗಾಳಿಯ ಕೆಲಸ ಆ ಸ್ಪ್ರಿಂಗನ್ನು ಒತ್ತಿಟ್ಟು ಲಾರಿಯನ್ನು ಹೋಗಲು ಬಿಡುವುದು. ಗಾಳಿ ಖಾಲಿಯಾದರೆ ಸ್ಪ್ರಿಂಗು ತಾನಾಗಿ ಚಕ್ರವನ್ನು ಕಚ್ಚಿಕೊಳ್ಳುತ್ತದೆ.

"ಅರ್ಥ ಆಗ್ಲಿಲ್ಲ," ಎಂದರು ನನ್ನ ಅಪ್ಪ. ಅವರು ಹಾಗೆ ಹೇಳಬಾರದಿತ್ತು.

"ಸುಲಭ ಉಂಟು ಭಾವ. ನೀವು ಸ್ಪ್ರಿಂಗು. ಅಕ್ಕ ಗಾಳಿ. ಬೆಳಿಗ್ಗೆಯಿಂದ ಸಂಜೆವರೆಗೆ ಅಕ್ಕ ಮಾತಾಡಿ ಮಾತಾಡಿ ನಿಮ್ಮನ್ನು ಒತ್ತಿ ಹಿಡ್ಕೊಂಡದ್ದಕ್ಕೆ ಈ ಮನೆ ಓಡುದು. ಅಕ್ಕ ಒಂದು ದಿನ ಸುಮ್ಮನಾದರೆ ಮನೆ ನಡುರಸ್ತೆಯಲ್ಲಿ ನಿಲ್ತದೆ."

ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿದರು. "ಅಂದ್ರೆ ನಾನು ಅಡ್ಡಿಯಾ?"

"ಛೇ, ಇಲ್ಲ ಭಾವ. ನೀವು ಸುರಕ್ಷತೆ."

ಅಮ್ಮ ಅಂದಿನಿಂದ ಮಾತು ಕಡಿಮೆ ಮಾಡಬೇಕೆಂಬ ಸಲಹೆಗಳನ್ನು ತಾಂತ್ರಿಕ ಕಾರಣ ಕೊಟ್ಟು ತಿರಸ್ಕರಿಸುತ್ತಿದ್ದಾರೆ.

ಮೊದಲ ಪರೀಕ್ಷೆಯ ದಿನ ಬಂತು. ಮೈದಾನದಲ್ಲಿ ತರಬೇತಿ ಶಾಲೆಯ ಲಾರಿ ನಿಂತಿತ್ತು. ಚಿಕ್ಕಮ್ಮ ಹತ್ತಿ ಕೂತು, ಬೆನ್ನಿಗೆ ದಿಂಬು ಇಟ್ಟುಕೊಂಡು, ಅಧಿಕಾರಿಯ ಕಡೆ ನೋಡಿದರು.

"ಮುಂದೆ ಹೋಗಿ, ಹಿಂದೆ ಬನ್ನಿ, ನಿಲ್ಲಿಸಿ," ಎಂದರು ಅಧಿಕಾರಿ.

"ಬ್ರೇಕಿನ ಬಗ್ಗೆ ಕೇಳಿ ಸಾರ್."

"ಎಂತ ಕೇಳುದು ಅಮ್ಮ?"

"ನೀವು ಬ್ರೇಕ್ ಇನ್‌ಸ್ಪೆಕ್ಟರ್ ಅಲ್ವಾ?"

"ಅದು ಜನ ಕರೆಯುದು ಮಾರಾಯ್ರೆ. ನಾನು ಮೋಟಾರು ವಾಹನ ನಿರೀಕ್ಷಕ."

ಆರು ತಿಂಗಳ ಅಧ್ಯಯನ ಒಂದು ವಾಕ್ಯದಲ್ಲಿ ಪಠ್ಯದಿಂದ ಹೊರಗೆ ಹೋಯಿತು. ಆದರೂ ಅವರು ಚೇಟ ಕಲಿಸಿದಂತೆ ಇಂಜಿನ್ ನಿಲ್ಲಿಸಿ, ಪೆಡಲನ್ನು ತುಳಿದು ಹಿಡಿದು, ಗಾಳಿಯ ಮೀಟರಿನ ಮುಳ್ಳನ್ನು ನೋಡಿದರು. ಮುಳ್ಳು ನಿಧಾನವಾಗಿ ಇಳಿಯಿತು. ಎಲ್ಲೋ ಸೋರುತ್ತಿದೆ. ಮುಳ್ಳು ಕೆಂಪು ಗೆರೆಯ ಕೆಳಗೆ ಹೋದಾಗ ಎಚ್ಚರಿಕೆಯ ಬಜರ್ ಕೂಗಬೇಕು. ಅದು ಕೂಗಲಿಲ್ಲ. ಬಗ್ಗಿ ನೋಡಿದರೆ ಬಜರಿನ ವಯರನ್ನು ಕತ್ತರಿಸಿ, ತುದಿಗಳಿಗೆ ನೀಟಾಗಿ ಟೇಪು ಸುತ್ತಿದ್ದರು.

"ಅದು ಇಡೀ ದಿನ ಕುಂಯ್ ಅಂತದೆ, ತಲೆನೋವು," ಎಂದರು ತರಬೇತಿ ಶಾಲೆಯ ಮಾಸ್ಟ್ರು. "ನಾವೇ ಕಟ್ ಮಾಡಿದ್ದು."

"ಇಡೀ ದಿನ ಕೂಗುದಾದರೆ ಇಡೀ ದಿನ ಗಾಳಿ ಕಡಿಮೆ ಉಂಟು ಅಂತ ಅರ್ಥ. ನಾನೇ ಸೇರಿಸ್ತೇನೆ, ಅರ್ಧ ನಿಮಿಷ ಸಾಕು."

"ಸಂಸ್ಥೆಯ ಸೊತ್ತನ್ನು ಮುಟ್ಟಬೇಡಿ!"

ಚಿಕ್ಕಮ್ಮ ಲಾರಿ ಓಡಿಸದೆ ಇಳಿದರು. ಅಧಿಕಾರಿ ಹಾಳೆಯಲ್ಲಿ "ಅಭ್ಯರ್ಥಿ ಅನರ್ಹ" ಎಂದು ಬರೆದರು. ಮುಂದಿನವರು ಪುತ್ತೂರು ಕಡೆಯ ಒಬ್ಬ ಗೃಹಸ್ಥರು. ಅದೇ ಲಾರಿಯನ್ನು ಮುಂದೆ ಒಯ್ದು, ಹಿಂದೆ ತಂದು, ಪಾಸಾಗಿ, ಇಳಿದು ಬಂದು ಚಿಕ್ಕಮ್ಮನನ್ನು ಗೌರವದಿಂದ ಕೇಳಿದರು: "ಅಕ್ಕ, ಆಗ ನೀವು ನೋಡಿದ ಆ ಮುಳ್ಳು ಉಂಟಲ್ಲ, ಅದು ಡೀಸಲಿನದ್ದಾ?"

ಎರಡನೆಯ ಪರೀಕ್ಷೆಯಲ್ಲಿ ಲಾರಿ ಅದೇ, ಸೋರಿಕೆ ಅದೇ, ಟೇಪು ಮಾತ್ರ ಹೊಸತು. ಚಿಕ್ಕಮ್ಮ ಪುನಃ ಇಳಿದರು. ಆ ಭಾಗದಲ್ಲಿ ಪರೀಕ್ಷೆಗೆ ಸಿಗುವ ಘನ ವಾಹನ ಅದೊಂದೇ. ಶೆಡ್ಡಿನಲ್ಲಿರುವ ಲಾರಿಯನ್ನು ಪರೀಕ್ಷೆಗೆ ಕೊಡಿ ಎಂದು ಪಂಚಾಯತನ್ನು ಕೇಳಿದೆವು. ಲೈಸೆನ್ಸ್ ಇಲ್ಲದವರಿಗೆ ಹೇಗೆ ಕೊಡುವುದು ಎಂದು ಅವರು ಕೇಳಿದರು. ನಾನು ಸಾರಿಗೆ ಕಚೇರಿಗೆ ಬರೆದೆ. ವಾಹನದ ಸ್ಥಿತಿಗೆ ತರಬೇತಿ ಶಾಲೆ ಹೊಣೆ ಎಂಬ ಉತ್ತರ ಬಂತು. ತರಬೇತಿ ಶಾಲೆಗೆ ಬರೆದೆ. ಕಚೇರಿಯವರೇ ಆಕ್ಷೇಪಿಸದ ವಾಹನದ ಬಗ್ಗೆ ನಿಮ್ಮದೇನು ತಕರಾರು ಎಂಬ ಉತ್ತರ ಬಂತು. ಎರಡೂ ಪತ್ರಗಳ ಭಾಷೆ ಶುದ್ಧವಾಗಿತ್ತು ಎಂಬುದನ್ನು ನ್ಯಾಯದ ದೃಷ್ಟಿಯಿಂದ ಹೇಳಲೇಬೇಕು.

ಮೂರನೆಯ ಸಲ ನಾನೂ ಜೊತೆಗೆ ಹೋದೆ. ಹೊತ್ತಿಗೆ ಸರಿಯಾಗಿ ಲೈಸೆನ್ಸ್ ಆಗದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಪಂಚಾಯತಿನಲ್ಲಿ ಮಾತು ಎದ್ದಿತ್ತು. ಬಸ್ಸಿನಲ್ಲಿ ನಾನು ಹೇಳಿದೆ: "ಚಿಕ್ಕಮ್ಮ, ಇದೊಂದು ಸಲ ಓಡಿಸಿಬಿಡಿ. ಮೈದಾನ ಸಮತಟ್ಟಾಗಿದೆ, ಇಪ್ಪತ್ತು ಅಡಿ ಹೋಗಿ ಬರುವುದು. ಲೈಸೆನ್ಸ್ ಸಿಗಲಿ, ಆಮೇಲೆ ಹೋರಾಡೋಣ."

ಎಲ್ಲರ ತಪ್ಪನ್ನೂ ಹೆಸರಿಟ್ಟು ಕರೆಯುವವಳು ನನ್ನದನ್ನು ಬಿಟ್ಟುಬಿಡಲಾಗದು. ಇದು ನನ್ನ ತಪ್ಪು.

ಅವರು ಸಿಟ್ಟಾಗಲಿಲ್ಲ. ಕಿಟಕಿಯ ಹೊರಗೆ ನೋಡುತ್ತ ಹೇಳಿದರು. "ಮೈದಾನ ಸಮ ಉಂಟು ಮಗಾ, ಸರಿ. ಆದರೆ ಲೈಸೆನ್ಸ್ ಕೊಡುದು ಮೈದಾನದಲ್ಲಿ ಓಡಿಸ್ಲಿಕ್ಕೆ ಅಲ್ವಲ್ಲ? ಸುಳ್ಯದ ಕಡೆಯ ಇಳಿಜಾರಿನಲ್ಲಿ ಗಾಳಿ ಹೋದರೆ ಪೆಡಲು ಪೊಳ್ಳಾಗ್ತದೆ. ಆಮೇಲೆ ಸ್ಪ್ರಿಂಗು ಎಲ್ಲಿ ಕಚ್ಚುತ್ತದೋ ಅಲ್ಲಿ ಕಚ್ಚುತ್ತದೆ, ಹಿಂದೆ ಬರುವವರನ್ನು ಕೇಳುದಿಲ್ಲ. ನಾನು ಒಂದು ಸಲ ಸುಮ್ಮನೆ ಹತ್ತಿದ್ರೆ, ಆ ಬಜರು ಇಲ್ಲದಿದ್ರೂ ಆಗ್ತದೆ ಅಂತ ನಾನೇ ಹೇಳಿದ ಹಾಗೆ ಆಗ್ತದೆ."

ಮೈದಾನದಲ್ಲಿ ಅವರು ಹತ್ತಿದರು. ಪೆಡಲ್ ತುಳಿದರು, ಮುಳ್ಳು ನೋಡಿದರು, ಕಿವಿಗೊಟ್ಟರು. ಬಜರು ಕೂಗಲಿಲ್ಲ. ಇಳಿದರು. ಆದರೆ ಮುಂದಿನ ಅಭ್ಯರ್ಥಿ ಹತ್ತಿ ಕೂತಾಗ, ಬಾಗಿಲ ಮೆಟ್ಟಿಲ ಮೇಲೆ ನಿಂತು ಅವನಿಗೆ ಮುಳ್ಳನ್ನು ತೋರಿಸಿ, "ಇದು ಕೆಂಪಿಗೆ ಇಳಿದರೆ ಬದಿಗೆ ಹಾಕಿ ನಿಲ್ಲಿಸಬೇಕು. ನಿನಗೆ ಹೇಳುವವರು ಯಾರೂ ಇರುದಿಲ್ಲ, ನೀನೇ ನೋಡ್ತಾ ಇರು," ಎಂದರು. ಅವನು ಪಾಸಾದ.

ಬಿಸಿಲಿನಲ್ಲಿ ಇಬ್ಬರೂ ನಿಂತಿದ್ದೆವು. ಅವರೇ ಮೊದಲು ಹೇಳಿದರು.

"ಆ ಸೀಟು ಎಷ್ಟು ಎತ್ತರ ಉಂಟು ಗೊತ್ತುಂಟಾ ಮಗಾ? ಅಲ್ಲಿ ಕೂತರೆ ಗೋಡೆಯ ಆಚೆಯ ರಸ್ತೆ ಇಡೀ ಕಾಣ್ತದೆ. ನಾನು ಅಷ್ಟು ದೂರ ಯಾವತ್ತೂ ನೋಡಿದ್ದೇ ಇಲ್ಲ." ಆಮೇಲೆ, "ಪ್ರತಿ ಸಲ ಇಳಿಯುವಾಗ ಸ್ವಲ್ಪ ಬೇಜಾರಾಗ್ತದೆ," ಎಂದರು. ಹಾಗೆಂದು ಮುಖವನ್ನು ಸೆರಗಿನಲ್ಲಿ ಒರೆಸಿಕೊಂಡರು. ಬೆವರೇ ಇರಬೇಕೆಂದುಕೊಂಡು ನಾನು ಆ ಕಡೆ ನೋಡಲಿಲ್ಲ.

ಆರು ತಿಂಗಳು ಲಾರಿಗಳ ಅಡಿಯಲ್ಲಿ ಮಲಗಿದವರಿಗೆ ಲಾರಿಯ ಮೇಲಿಂದ ರಸ್ತೆ ನೋಡುವ ಆಸೆ ಇತ್ತೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ತರಬೇತಿ ಶಾಲೆಯ ಮಾಲೀಕರೇ, ಮೋಟಾರು ವಾಹನ ನಿರೀಕ್ಷಕರೇ, ಪಂಚಾಯತು ಇನ್ನೊಂದು ಪರೀಕ್ಷೆಯವರೆಗೆ ಮಾತ್ರ ಕಾಯಲು ಒಪ್ಪಿದೆ. ಆದ್ದರಿಂದ ನನ್ನ ಬೇಡಿಕೆ ಎರಡೇ. ಮಾಲೀಕರು ಆ ಪರೀಕ್ಷೆಯ ಮೊದಲು ಸೋರಿಕೆಯನ್ನು ನಿಲ್ಲಿಸಿ ವಯರಿನ ಎರಡು ತುದಿಗಳನ್ನು ಸೇರಿಸಬೇಕು. ನಿರೀಕ್ಷಕರು ನನ್ನ ಚಿಕ್ಕಮ್ಮನ ಕಡತವನ್ನು ತೆಗೆದು, ಮೂರು ಹಾಳೆಗಳಲ್ಲಿಯೂ "ಅಭ್ಯರ್ಥಿ ಅನರ್ಹ" ಎಂದಿರುವಲ್ಲಿ ಮೊದಲ ಪದವನ್ನು ಹೊಡೆದುಹಾಕಿ, ಅದರ ಮೇಲೆ "ವಾಹನ" ಎಂದು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು.